ಮೂರಿಂಚಿನ ಕುದುರೆಗೆ ಪ್ಯಾನ್‌ಪ್ಯಾಸ್ಟೆಲ್: ತಗೋಬಹುದಾ?

ಸಣ್ಣ ಮಾಡೆಲ್ ಕುದುರೆಗಳಿಗೆ ಬಣ್ಣ ಹಾಕೋರು ಇಲ್ಲಿ ಯಾರಾದ್ರೂ ಇದ್ರೆ ಮೊದ್ಲೇ ಹೇಳ್ಬಿಡ್ತೀನಿ, ಪ್ಯಾನ್‌ಪ್ಯಾಸ್ಟೆಲ್ ಅನ್ನೋ ಡಬ್ಬಿ ಬಣ್ಣ ಧಾರಾಳವಾಗಿ ತಗೊಳ್ಳಿ, ಆದ್ರೆ ದೊಡ್ಡ ಸೆಟ್ ಬೇಡ. ಬಿಡಿ ಡಬ್ಬಿ ನಾಲ್ಕೈದು ತಗೊಂಡ್ರೆ ಸಾಕು.

ಈ ಹವ್ಯಾಸ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ನಾನಿರೋದು ನ್ಯೂಜೆರ್ಸಿ, ಇಲ್ಲಿ ಬ್ರೇಯರ್ ಕಂಪನಿ ಕುದುರೆ ಅಂದ್ರೆ ಎಲ್ರಿಗೂ ಗೊತ್ತು, 1950ರಿಂದ ಪ್ಲಾಸ್ಟಿಕ್ ಕುದುರೆ ಮಾಡ್ತಿದಾರೆ. ದೊಡ್ಡದು 1:9 ಅಳತೆ, ಅಂದ್ರೆ ನಿಜವಾದ ಕುದುರೆಯ ಒಂಬತ್ತರಲ್ಲಿ ಒಂದು ಪಾಲು, ಅದನ್ನ ಟ್ರೆಡಿಷನಲ್ ಅಂತಾರೆ. ನಾನು ಬಣ್ಣ ಹಾಕೋದು ಅಂಗೈಲಿ ನಿಲ್ಲೋ ಸ್ಟೇಬಲ್‌ಮೇಟ್ಸ್‌ಗೆ, 1:32 ಅಳತೆ, 1975ರಲ್ಲಿ ಶುರುವಾದ ಸೀರೀಸು. ಫ್ಯಾಕ್ಟರಿ ಬಣ್ಣದ ಮೇಲೆ ಪ್ರೈಮರ್ (ಬಣ್ಣ ಹಿಡ್ಕೊಳ್ಳೋಕೆ ಹಾಕೋ ಮೊದಲ ಪದರ) ಹೊಡ್ದು ನಮಗೆ ಬೇಕಾದ ಹಾಗೆ ಹೊಸದಾಗಿ ಬಣ್ಣ ಹಾಕೋದಕ್ಕೆ ಕಸ್ಟಮ್ ಅಂತಾರೆ. ಇದಕ್ಕೆ ಶೋಗಳೂ ನಡೀತವೆ, ಅಲ್ಲಿ ಜಡ್ಜ್‌ಗಳು ಬಣ್ಣದಲ್ಲಿ ಮುಖ್ಯವಾಗಿ ನೋಡೋದು, ನಿಜವಾದ ಕುದುರೆ ಮೈ ಮೇಲೆ ಇಂಥ ಬಣ್ಣ ಹೀಗೇ ಇರತ್ತಾ ಅಂತ.

ಅಲ್ಲೇ ಇರೋದು ಕಷ್ಟ. ಬೇ ಬಣ್ಣ ತಗೊಳ್ಳಿ, ರೇಸ್ ಕುದುರೆಗಳಲ್ಲಿ ಅತಿ ಹೆಚ್ಚು ಕಾಣೋ ಬಣ್ಣ, ಕುಣಿಗಲ್ ಸ್ಟಡ್ ಫಾರ್ಮ್ ಕಡೆ ಹೋಗಿರೋರಿಗೆ ತಕ್ಷಣ ಕಣ್ಮುಂದೆ ಬರತ್ತೆ. ಕೆಂಪು ಮಿಶ್ರ ಕಂದು ಮೈ, ಜೂಲು ಕಪ್ಪು, ಬಾಲ ಕಪ್ಪು, ಕಾಲಿನ ಕೆಳಭಾಗ ಕಪ್ಪು, ಕಿವಿ ಅಂಚು ಕಪ್ಪು. ಅಗೂಟಿ ಅನ್ನೋ ಜೀನು ಕಪ್ಪನ್ನ ಮೈಯಿಂದ ತಳ್ಳಿ ಇಷ್ಟೇ ಜಾಗದಲ್ಲಿ ಉಳ್ಸತ್ತೆ. ಆದ್ರೆ ಮಂಡಿ ಹತ್ರ ಆ ಕಪ್ಪು ಗೆರೆ ಎಳೆದಂಗೆ ನಿಲ್ಲಲ್ಲ ನೋಡಿ, ಕೆಂಪಿನೊಳಗೆ ಕರಗ್ತಾ ಹೋಗತ್ತೆ. ಎಷ್ಟೋ ಬೇ ಕುದುರೆಗಳಿಗೆ ಕಿಬ್ಬೊಟ್ಟೆ, ತೊಡೆಯ ಒಳಗಡೆ, ಕಣ್ಣಿನ ಸುತ್ತ ಬಣ್ಣ ತಿಳಿಯಾಗಿರತ್ತೆ. ಮೂರಿಂಚಿನ ಕುದುರೇಲಿ ಈ ಕರಗೋ ಜಾಗ ಅಕ್ಕಿ ಕಾಳಿನಷ್ಟು ಇರತ್ತೆ, ಅಲ್ಲಿ ಬ್ರಶ್ಶಲ್ಲಿ ಅಕ್ರಿಲಿಕ್ (ನೀರಲ್ಲಿ ಕಲ್ಸೋ ಪೇಂಟ್) ಹಚ್ಚಿದ್ರೆ ಸಾಕ್ಸ್ ಹಾಕ್ದಂಗೆ ಕಾಣತ್ತೆ, ಎಷ್ಟು ತೆಳು ಮಾಡಿದ್ರೂ ಅಂಚು ಉಳ್ಕೊಳತ್ತೆ. ಗಾಳೀಲಿ ಬಣ್ಣ ಸಿಂಪಡಿಸೋ ಏರ್‌ಬ್ರಶ್ ಇದ್ರೆ ಆಗತ್ತೆ, ಆದ್ರೆ ಕಂಪ್ರೆಸರ್, ಅದರ ಸದ್ದು, ಪ್ರತಿ ಸಲ ಬಿಚ್ಚಿ ತೊಳ್ಯೋದು, ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಅದು ಸುಲಭ ಅಲ್ಲ.

ಪ್ಯಾನ್‌ಪ್ಯಾಸ್ಟೆಲ್ ಗೆಲ್ಲೋದು ಇಲ್ಲೇ. ಇದು ಮಾಮೂಲಿ ಪ್ಯಾಸ್ಟೆಲ್ ಥರ ಸೀಮೆಸುಣ್ಣದಂಥ ಕಡ್ಡಿ ಅಲ್ಲ, 9 ಎಂಎಲ್‌ನ ಚಪ್ಪಟೆ ಡಬ್ಬೀಲಿ ಒತ್ತಿಟ್ಟಿರೋ ಬಣ್ಣ, ಪೌಡರ್ ಕಾಂಪ್ಯಾಕ್ಟ್ ಥರ. ಸ್ಪಂಜಿಗೆ ತಗೊಂಡು ಉಜ್ಜಿದ್ರೆ ಪ್ರೈಮರ್ ಮೇಲೆ ಸೊಗಸಾಗಿ ಹಿಡ್ಕೊಳತ್ತೆ, ಕೆಂಪು ಮೇಲೆ ಕಪ್ಪು ತೀಡಿದ್ರೆ ನಡುವೆ ಗೆರೆ ಅನ್ನೋದೇ ಇರಲ್ಲ. ಕಡ್ಡಿ ಪ್ಯಾಸ್ಟೆಲ್ ಬ್ಲೇಡಲ್ಲಿ ಕೆರ್ದು ಪುಡಿ ಮಾಡಿ ಹಚ್ಚೋರು ತುಂಬ ಜನ ಇದಾರೆ, ಖರ್ಚೂ ಕಮ್ಮಿ, ರಿಸಲ್ಟೂ ಚೆನ್ನಾಗೇ ಬರತ್ತೆ, ಆದ್ರೆ ಟೇಬಲ್ ತುಂಬ ಧೂಳು, ಅದು ಮೂಗಿಗೂ ಹೋಗತ್ತೆ. ಇದ್ರಲ್ಲಿ ಧೂಳು ಬಹಳ ಕಮ್ಮಿ, ಮನೇಲಿ ಮಕ್ಕಳಿರೋರಿಗೆ ನಾನು ಇದನ್ನೇ ಹೇಳೋದು.

ಇನ್ನೊಂದು ಗುಣ ನಂಗೆ ಬಹಳ ಇಷ್ಟ, ಅಳಿಸ್ಬಹುದು. ಬೂದು ಕುದುರೆ ಮೈಮೇಲೆ ದುಂಡು ದುಂಡು ಚುಕ್ಕೆ ಇರತ್ತಲ್ಲ, ಡ್ಯಾಪಲ್ಸ್, ಅದನ್ನ ಹಚ್ಚೋ ಬದ್ಲು ಬೂದು ಬಳ್ದು ಚೂಪಾಗಿ ಕತ್ತರಿಸಿದ ರಬ್ಬರಲ್ಲಿ ಒಂದೊಂದೇ ಚುಕ್ಕೆ ಎತ್ತಬಹುದು, ಆಮೇಲೆ ಮೇಲೆ ತೆಳ್ಳಗೆ ಇನ್ನೊಂದು ಪದರ ಹಾಕಿದ್ರೆ ಚುಕ್ಕೆ ಚರ್ಮದ ಒಳಗಿಂದ ಬಂದಂಗೆ ಕಾಣತ್ತೆ. ಈ ಅಳಿಸೋ ಕೆಲಸ ಬಣ್ಣ ಕೂರ್ಸೋ ವಾರ್ನಿಷ್ ಸ್ಪ್ರೇ ಹೊಡ್ಯೋ ಮುಂಚೆ ಮುಗೀಬೇಕು.

ಬೇ ಬಣ್ಣಕ್ಕೆ ಯಾವ ಡಬ್ಬಿ ಅಂದ್ರೆ: ಬರ್ನ್ಟ್ ಸಿಯೆನ್ನಾ, ರೆಡ್ ಐರನ್ ಆಕ್ಸೈಡ್, ಯೆಲ್ಲೋ ಓಕರ್, ರಾ ಅಂಬರ್, ಕಪ್ಪು. ತಗೊಳ್ಳುವಾಗ ನಂಬರ್ ನೋಡಿ, ಕೊನೇಲಿ .5 ಇದ್ರೆ ಶುದ್ಧ ಬಣ್ಣ, .3 ಸ್ವಲ್ಪ ಗಾಢ, .1 ತುಂಬಾ ಗಾಢ, .8 ತಿಳಿ. ಬರ್ನ್ಟ್ ಸಿಯೆನ್ನಾ 740.5 ಒಂದು, ಅದರದ್ದೇ 740.1 ಒಂದು ಇದ್ರೆ ನೆರಳಿನ ಕೆಲಸ ಅರ್ಧ ಮುಗೀತು. ಇಷ್ಟು ಸಣ್ಣ ಕುದುರೆಗೆ ಒಂದು ಡಬ್ಬಿ ವರ್ಷಗಟ್ಟಲೆ ಬರತ್ತೆ, ಹಾಗಾಗಿ ರೇಟು ಜಾಸ್ತಿ ಅನ್ಸಿದ್ರೂ ಲೆಕ್ಕ ಹಾಕಿದ್ರೆ ಜಾಸ್ತಿ ಅಲ್ಲ. ದೊಡ್ಡ ಸೆಟ್ಟಲ್ಲಿ ಬರೋ ನೀಲಿ, ಹಸಿರು, ನೇರಳೆ ನಮ್ಗೆ ಯಾತಕ್ಕೆ ಹೇಳಿ.

ಪ್ಯಾನ್‌ಪ್ಯಾಸ್ಟೆಲ್‌ನವರದ್ದೇ ಸಾಫ್ಟ್ ಅನ್ನೋ ಸ್ಪಂಜ್ ಟೂಲ್ಸ್ ಬರತ್ತೆ. ಟ್ರೆಡಿಷನಲ್ ಸೈಜಿಗೆ ಅದು ಅದ್ಭುತ, ಸ್ಟೇಬಲ್‌ಮೇಟ್ಸ್ ಕಾಲಿನ ಸಂದಿಗೆ ದಪ್ಪ ಆಗತ್ತೆ. ಐಶ್ಯಾಡೋ ಹಚ್ಚೋ ಸಣ್ಣ ಸ್ಪಂಜ್ ಕಡ್ಡಿ, ಕೂದಲು ಗಿಡ್ಡಕ್ಕೆ ಕತ್ತರಿಸಿದ ಹಳೇ ಬ್ರಶ್, ಇವೆರಡು ಸಾಕು.

ಈಗ ಇದ್ರಿಂದ ಏನಾಗಲ್ಲ ಅನ್ನೋದು. ನುಣುಪು ಪ್ಲಾಸ್ಟಿಕ್ ಮೇಲೆ ನೇರ ಹಚ್ಚಿದ್ರೆ ನಿಲ್ಲಲ್ಲ. ಕುದುರೆನ ಪಾತ್ರೆ ಸೋಪಲ್ಲಿ ತೊಳ್ದು, ಅಚ್ಚಿನ ಜೋಡಣೆ ಗೆರೆ ಕೆರ್ದು, ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಬಿಳಿ ಪ್ರೈಮರ್ ತೆಳ್ಳಗೆ ಹೊಡೀಲೇಬೇಕು. ಆಮೇಲೆ ಪ್ರತಿ ಪದರಕ್ಕೂ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಬೇಕು, ಇಲ್ದಿದ್ರೆ ಬೆರಳಿಗೇ ಬಂದ್ಬಿಡತ್ತೆ. ಸ್ಪ್ರೇ ಬಿದ್ದ ತಕ್ಷಣ ಬಣ್ಣ ಗಾಢ ಆಗತ್ತೆ, ತಿಳಿ ಬಣ್ಣಗಳು ಮಾಯಾನೇ ಆಗ್ತವೆ, ವಾರ್ನಿಷ್ ಪುಡಿಯ ಕಣಗಳ ನಡುವೆ ತುಂಬ್ಕೊಂಡು ಬೆಳಕು ಚದುರೋದು ಕಮ್ಮಿ ಆಗೋದ್ರಿಂದ ಹಾಗೆ. ಅದಕ್ಕೇ ಹಚ್ಚೋದು, ಸ್ಪ್ರೇ, ಒಣಗ್ಸೋದು, ಮತ್ತೆ ಹಚ್ಚೋದು, ಹೀಗೆ ಐದಾರು ಪದರ ಕೆಲವೊಮ್ಮೆ ಹತ್ತು ಪದರ. ತಾಳ್ಮೆ ಇಲ್ದೇ ಈ ಬಣ್ಣ ಕೂರಲ್ಲ. ಸ್ಪ್ರೇ ಮಾತ್ರ ಹೊರಗಡೆನೇ ಹೊಡೀರಿ, ಬಟ್ಟೆ ಮಾಸ್ಕ್ ಸಾಲಲ್ಲ, ಕೆಮಿಕಲ್ ಆವಿ ತಡ್ಯೋ ಕಾರ್ಟ್ರಿಜ್ ಇರೋ ರೆಸ್ಪಿರೇಟರ್ ಬೇಕು. ಗಾಳೀಲಿ ತೇವ ಜಾಸ್ತಿ ಇರೋ ದಿನ ಬೇಡ, ವಾರ್ನಿಷ್ ಬೆಳ್ಳಗೆ ಮಂಜು ಕಟ್ಟತ್ತೆ, ಇಲ್ಲಿ ಜುಲೈ ತಿಂಗಳು, ನಮ್ಮೂರಲ್ಲಾದ್ರೆ ಮಳೆಗಾಲ ಪೂರ್ತಿ, ಈ ಮಾತು ನೆನಪಿರ್ಲಿ.

ಹಣೆ ಮೇಲಿನ ಬಿಳಿ ಪಟ್ಟೆ, ಕಾಲಿನ ಬಿಳಿ, ಇದಕ್ಕೆ ಅಕ್ರಿಲಿಕ್ಕೇ ಬೇಕು, ನೀರಾಗಿ ಕಲ್ಸಿ ಹಲವು ಪದರ. ಕಣ್ಣಿಗೂ ಅಷ್ಟೇ, ಕಪ್ಪು, ಅದ್ರೊಳಗೆ ಗಾಢ ಕಂದು, ಮೇಲೊಂದು ತೊಟ್ಟು ಹೊಳಪಿನ ವಾರ್ನಿಷ್, ಅದು ಬಿದ್ದ ಕ್ಷಣ ಕುದುರೆ ನಮ್ಮನ್ನ ನೋಡೋಕೆ ಶುರು ಮಾಡತ್ತೆ. ಆದ್ರೆ ಕೊನೇ ಮ್ಯಾಟ್ ಸ್ಪ್ರೇ ಆದ್ಮೇಲೇನೇ ಈ ಹೊಳಪಿನದ್ದು ಹಾಕಿ, ಮುಂಚೆ ಹಾಕಿದ್ರೆ ಕಣ್ಣೂ ಮಂಕಾಗತ್ತೆ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಕಟ್ ಮಾಡಿದ್ದು ತಿಳಿ ಬಣ್ಣಗಳು ಸ್ಪ್ರೇಗೆ ಮಾಯ ಆಗೋದಕ್ಕೆ. ಹೊಸದಾಗಿ ಶುರು ಮಾಡೋರು ಮೊದ್ಲು ಚೆಸ್ಟ್ನಟ್ ಬಣ್ಣ ಹಾಕಿ ನೋಡಿ, ಮೈ ಜೂಲು ಬಾಲ ಎಲ್ಲಾ ಕೆಂಪೇ ಇರೋ ಕುದುರೆ, ಬರ್ನ್ಟ್ ಸಿಯೆನ್ನಾ ಎರಡು ಡಬ್ಬೀಲೇ ಆಗತ್ತೆ, ಕಪ್ಪು ಆಮೇಲೆ ತಗೊಂಡ್ರೂ ನಡ್ಯತ್ತೆ.