ಆಫೀಸಿನ ಹಳೇ ಟವರಾ, ಹೊಸ ಅಸೆಂಬ್ಲಿನಾ? ಹಾಸನದಲ್ಲಿ ಮೊದಲ ಗೇಮಿಂಗ್ ಪಿಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಸ ಅಸೆಂಬ್ಲಿಗೆ, ಅಂದರೆ ಬಿಡಿ ಭಾಗ ಕೊಂಡು ಜೋಡಿಸುವ ಪಿಸಿಗೆ. ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಪ್ರೊಸೆಸರ್, 8 ಜಿಬಿಯ ಎರಡು ರ್‍ಯಾಮ್ ಸ್ಟಿಕ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಮಾಮೂಲಿ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಡಬ್ಬ). ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕಿಲ್ಲ, ದುಡ್ಡು ಕೂಡಿದ ಮೇಲೆ. ಇದರ ಎದುರಿಗಿಟ್ಟು ನೋಡಿದ್ದು ಬೆಂಗಳೂರಿನ ಆಫೀಸುಗಳಿಂದ ಲಾಟಿನಲ್ಲಿ ಹೊರಬೀಳುವ ಹಳೇ ಟವರ್: ಇಂಟೆಲ್‌ನ ಎಂಟನೇ ತಲೆಮಾರಿನ ಐ5-8500 ಪ್ರೊಸೆಸರ್, 16 ಜಿಬಿ ರ್‍ಯಾಮ್, ಅದಕ್ಕೆ ಸಿಕ್ಕಿಸಿದ ಹೊಸ ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್. ಮಾನಿಟರ್ ಬಿಟ್ಟು ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಬಂದು ನಿಲ್ಲುತ್ತವೆ. ರ್‍ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಮಾತ್ರ ನಿಂತ ಕಡೆ ನಿಲ್ಲಲ್ಲ, ಬಿಲ್ ಮಾಡಿಸುವ ದಿನವೇ ಕೇಳಿಕೊಳ್ಳಿ.

ಇವತ್ತಿನ ಆಟಕ್ಕೆ ಗೆಲ್ಲೋದು ಟವರ್. ಇದರಲ್ಲಿ ಮುಚ್ಚುಮರೆ ಏನಿಲ್ಲ. 3050 ಕಾರ್ಡಿಗೆ ತನ್ನದೇ 6 ಜಿಬಿ ಮೆಮೊರಿ ಇದೆ, ಜಿಟಿಎ 5 ತರಹದ ಆಟವನ್ನು 1080ಪಿಯಲ್ಲಿ ಸೆಟ್ಟಿಂಗ್ ಏರಿಸಿಕೊಂಡೇ ಆಡಬಹುದು. 5600ಜಿ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮಿನಿಂದಲೇ ಕಡ ತಗೋಬೇಕು. ವ್ಯಾಲರಂಟ್ ಕಡಿಮೆ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 100 ಫ್ರೇಮ್ ದಾಟಿ ಓಡುತ್ತೆ, ಜಿಟಿಎ 5 ನಾರ್ಮಲ್‌ನಲ್ಲಿ ನಡೆಯುತ್ತೆ, ಸೈಬರ್‌ಪಂಕ್ ಅಂದರೆ 720ಪಿಗೆ ಇಳೀಬೇಕು, ಅಷ್ಟು ಮಾಡಿದರೂ ಏದುಸಿರು. ಹಾಗಿದ್ದೂ ನಾನು ಅಸೆಂಬ್ಲಿ ಕಡೆ ವಾಲೋದಕ್ಕೆ ಕಾರಣ ಒಂದೇ: ಟವರಿನ ಎಸ್‌ಎಂಪಿಎಸ್.

ಕೊಂಡ ದಿನ ಯಾವ ತೊಂದರೆಯೂ ಕಾಣಲ್ಲ. ಆಫೀಸ್ ಟವರ್‌ಗಳಲ್ಲಿ ಸಾಮಾನ್ಯವಾಗಿ 180ರಿಂದ 260 ವ್ಯಾಟಿನ ಸಪ್ಲೈ ಇರುತ್ತೆ. 3050 6 ಜಿಬಿ ಕಾರ್ಡ್ ತಿನ್ನೋದು 70 ವ್ಯಾಟ್, ಅದೂ ಮದರ್‌ಬೋರ್ಡಿನ ಸ್ಲಾಟಿನಿಂದಲೇ. ಸ್ಲಾಟ್ ಕೊಡಬಹುದಾದ ಮಿತಿ 75 ವ್ಯಾಟ್. 65 ವ್ಯಾಟಿನ ಪ್ರೊಸೆಸರ್ ಸೇರಿಸಿದರೂ 240 ವ್ಯಾಟಿನ ಡಬ್ಬ ಆರಾಮಾಗಿ ಎಳೆಯುತ್ತೆ. ತೊಂದರೆ ಶುರುವಾಗೋದು ಆ ಡಬ್ಬ ಸತ್ತ ದಿನ, ಇಲ್ಲವೇ ದೊಡ್ಡ ಕಾರ್ಡಿನ ಆಸೆ ಹುಟ್ಟಿದ ದಿನ.

ನಮ್ಮ ಕಡೆ ಡಬ್ಬ ಸಾಯೋದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಅಶ್ವಿನಿ, ಭರಣಿ ಮಳೆಯ ಸಿಡಿಲು ಒಂದು ಸಲ ಲೈನಿನ ಮೇಲೆ ಬಿದ್ದರೆ ಸಾಕು. ಸಕಲೇಶಪುರ, ಆಲೂರು ಕಡೆಯಾದರೆ ಆರಿದ್ರಾ ಮಳೆಗೆ ಮರ ಮುರಿದು ತಂತಿ ಮೇಲೆ ಬೀಳುತ್ತೆ, ಕರೆಂಟು ಹೋಗಿ ಬಂದು, ಬಂದು ಹೋಗಿ ಆಡಿಸುತ್ತೆ. ಪಿಸಿಯಲ್ಲಿ ಮೊದಲು ಏಟು ತಿನ್ನೋದು ಎಸ್‌ಎಂಪಿಎಸ್. ಮಾಮೂಲಿ ಎಟಿಎಕ್ಸ್ ಆದರೆ ಹಾಸನದ ಯಾವ ಕಂಪ್ಯೂಟರ್ ಅಂಗಡಿಯಲ್ಲಾದರೂ ಒಂದು ಕೇಳಿ ತಂದು ಅವತ್ತೇ ಸಂಜೆ ಹಾಕಿಕೊಳ್ಳಬಹುದು. ಆಫೀಸ್ ಟವರಿನದು ಹಾಗಲ್ಲ. ಬೋರ್ಡಿಗೆ ಹೋಗುವ ಮುಖ್ಯ ಕೇಬಲ್ 24 ಪಿನ್ನಿನದಲ್ಲ, ಬ್ರ್ಯಾಂಡ್ ಮತ್ತು ವರ್ಷ ನೋಡಿಕೊಂಡು 6, 8 ಅಥವಾ 10 ಪಿನ್ನಿನದು. ಡಬ್ಬದ ಆಕಾರವೂ ಬೇರೆ, ಸ್ಕ್ರೂ ತೂತುಗಳೂ ಕೂಡಲ್ಲ. ಅದೇ ಮಾಡೆಲ್ಲಿನದು ಬೇಕು ಅಂದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಬಸ್ ಹತ್ತಬೇಕು, ಇಲ್ಲ ಕೊರಿಯರ್ ಕಾಯಬೇಕು. ಸಿಕ್ಕರೂ ಅದು ಇನ್ನೊಂದು ಹಳೇ ಟವರಿನಿಂದ ಬಿಚ್ಚಿದ್ದೇ ಆಗಿರುತ್ತೆ.

ಕನ್ವರ್ಟರ್ ಕೇಬಲ್ ಹಾಕಿದರಾಯ್ತಲ್ಲ ಅಂತ ಎಲ್ಲರೂ ಹೇಳ್ತಾರೆ. ಆಗುತ್ತೆ, ಆದರೆ ಒಂದು ಒಳಗುಟ್ಟು ಇದೆ. ಈ ಬೋರ್ಡುಗಳಲ್ಲಿ ಬಹಳಷ್ಟು 12 ವೋಲ್ಟ್ ಮಾತ್ರ ತಗೊಂಡು, 5 ಮತ್ತು 3.3 ವೋಲ್ಟನ್ನು ತಮ್ಮಲ್ಲೇ ಮಾಡಿಕೊಳ್ಳುತ್ತವೆ. ಪಿಸಿ ಆಫ್ ಇದ್ದಾಗಲೂ ಬಟನ್ ಕೆಲಸ ಮಾಡಲಿಕ್ಕೆ ಬೇಕಾದ ಸ್ಟ್ಯಾಂಡ್‌ಬೈ ಕರೆಂಟೂ ಅವಕ್ಕೆ 12 ವೋಲ್ಟಿನ ಹತ್ತಿರದ್ದೇ ಬೇಕು. ಎಟಿಎಕ್ಸ್ ಕೊಡುವ ಸ್ಟ್ಯಾಂಡ್‌ಬೈ 5 ವೋಲ್ಟ್. ಹಾಗಾಗಿ ಕೇಬಲ್ಲಿನ ನಡುವೆ ವೋಲ್ಟೇಜ್ ಏರಿಸುವ ಒಂದು ಚಿಕ್ಕ ಬೋರ್ಡ್ ಇರಲೇಬೇಕು, ಶ್ರಿಂಕ್ ಟ್ಯೂಬಿನೊಳಗೆ ಗಂಟು ಕಟ್ಟಿದ ಹಾಗೆ ಕಾಣುತ್ತೆ. ಬರೀ ತಂತಿ ಜೋಡಿಸಿದ ಅಗ್ಗದ ಕೇಬಲ್ ತಂದರೆ ಬಟನ್ ಒತ್ತಿದಾಗ ಏನೂ ಆಗಲ್ಲ. ಬೋರ್ಡ್ ಹೋಯ್ತು ಅಂದುಕೊಂಡು ಜನ ಗಾಬರಿ ಬೀಳೋದು ಇಲ್ಲೇ. ಇನ್ನು ಸರಿಯಾದ ಕೇಬಲ್ ಸಿಕ್ಕಿ ಎಟಿಎಕ್ಸ್ ಡಬ್ಬ ಕ್ಯಾಬಿನೆಟ್ಟಿನಲ್ಲಿ ಕೂರದೆ ಬೋರ್ಡನ್ನೇ ಬೇರೆ ಕ್ಯಾಬಿನೆಟ್ಟಿಗೆ ಸಾಗಿಸಿದಿರೋ, ಮುಂದಿನ ಬಟನ್, ಯುಎಸ್‌ಬಿ, ಫ್ಯಾನ್ ಕನೆಕ್ಟರ್‌ಗಳೂ ಹೊಂದಲ್ಲ. ಕೆಲವು ಬೋರ್ಡು ಫ್ಯಾನ್ ಸಿಗ್ನಲ್ ಕಾಣದೆ ಪ್ರತಿ ಬೂಟಿಗೂ ಎಫ್1 ಒತ್ತು ಅಂತ ನಿಲ್ಲಿಸುತ್ತೆ. ಎಸ್‌ಎಂಪಿಎಸ್, ಕೇಬಲ್, ಕ್ಯಾಬಿನೆಟ್ ಎಲ್ಲಾ ಕೂಡಿಸಿದರೆ ಮೂಗಿಗಿಂತ ಮೂಗುತಿ ಭಾರ.

ದೊಡ್ಡ ಕಾರ್ಡಿಗಾಗಿ ಹಿಡಿಯುವ ಮತ್ತೊಂದು ಅಡ್ಡದಾರಿಯಂತೂ ಬೇಡವೇ ಬೇಡ. ಹಳೇ ಡಬ್ಬದಲ್ಲಿ 6 ಪಿನ್ ಕಾರ್ಡ್ ಕೇಬಲ್ ಇಲ್ಲ ಅಂತ ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪವರಿನಿಂದ 6 ಪಿನ್ನಿಗೆ ಮಾಡುವ ಅಡಾಪ್ಟರ್ ಮಾರುತ್ತಾರೆ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರೋದು ಮೂರು ಪಿನ್, ತಲಾ 1.5 ಆಂಪ್, ಒಟ್ಟು 54 ವ್ಯಾಟ್. 6 ಪಿನ್ ಕಾರ್ಡ್ 75 ವ್ಯಾಟ್‌ವರೆಗೆ ಎಳೆಯಬಹುದು. ಕನೆಕ್ಟರ್ ಕರಗಬಹುದು.

ಇಷ್ಟಾದರೂ ಟವರೇ ಬೇಕು ಅನ್ನುವವರು ಎರಡು ಮೂರು ವಿಷಯ ನೋಡಿಕೊಳ್ಳಿ. ಸ್ಲಿಮ್ ಕ್ಯಾಬಿನೆಟ್ ಬೇಡ, ಅದಕ್ಕೆ ಗಿಡ್ಡ ಬ್ರಾಕೆಟ್ಟಿನ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಸುತ್ತೆ. ಟವರಿನಲ್ಲೂ ಒಂದೇ ಫ್ಯಾನಿನ ಕಾರ್ಡ್ ತಗೊಳ್ಳಿ, ಉದ್ದದ್ದು ಹಾರ್ಡ್‌ಡಿಸ್ಕ್ ಗೂಡಿಗೆ ತಗಲುತ್ತೆ. ಪ್ರೊಸೆಸರ್ ಎಂಟನೇ ತಲೆಮಾರಿಗಿಂತ ಹಳೇದಾದರೆ ಎಷ್ಟು ಅಗ್ಗವಾದರೂ ಬಿಡಿ. ಐ5-6500, 7500ಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟಿಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆ ಎರಡೂ ಬೇಕು. ಹಳೇ ಯಂತ್ರಕ್ಕೆ ಲೆಗಸಿ ಅನ್ನುವ ಹಳೇ ಬೂಟ್ ಮೋಡಿನಲ್ಲಿ ವಿಂಡೋಸ್ ಹಾಕಿ ಕೊಟ್ಟಿದ್ದರೆ ಆಟ ತೆರೆಯಲ್ಲ, ಡಿಸ್ಕನ್ನು ಜಿಪಿಟಿ ವಿಧಾನಕ್ಕೆ ಬದಲಿಸಿ ಯುಇಎಫ್‌ಐ ಅನ್ನುವ ಹೊಸ ಬೂಟ್ ಮೋಡಿಗೆ ಬರಬೇಕು. ಕಾರ್ಡಿನಲ್ಲಿ ದುಡ್ಡು ಉಳಿಸೋಣ ಅಂತ ಆರ್‌ಎಕ್ಸ್ 6400 ತಗೋಬೇಡಿ. ಅದು ನಾಲ್ಕೇ ಲೇನಿನ (ಡೇಟಾ ಓಡಾಡುವ ಹಾದಿಯ) ಕಾರ್ಡ್, ಹಳೇ ಬೋರ್ಡಿನ ನಿಧಾನದ ಪಿಸಿಐಇ 3.0 ಸ್ಲಾಟಿನ ಮೇಲೆ ಕುಂಟುತ್ತೆ. ಆಟ ರೆಕಾರ್ಡ್ ಮಾಡಲು ಬೇಕಾದ ವಿಡಿಯೋ ಎನ್‌ಕೋಡರೂ ಅದರಲ್ಲಿಲ್ಲ.

ಈಗ ಅಸೆಂಬ್ಲಿ. ಇಲ್ಲಿ ಕೆಡೋದು ಹೆಚ್ಚಾಗಿ ರ್‍ಯಾಮಿನಲ್ಲಿ. ಮುಂದೆ ಇನ್ನೊಂದು ಹಾಕ್ಕೊಳ್ಳೋಣ ಅಂತ 16 ಜಿಬಿಯ ಒಂದೇ ಸ್ಟಿಕ್ ಕೊಡಿಸಿದರೆ 5600ಜಿ ಅರ್ಧ ಸತ್ತ ಹಾಗೆ. 3200 ವೇಗದ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತೆ, ಎರಡಿದ್ದರೆ 51.2 ಜಿಬಿ. ಒಳಗಿನ ಗ್ರಾಫಿಕ್ಸ್ ಬದುಕೋದೇ ಈ ದಾರಿಯ ಮೇಲೆ. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದಕ್ಕೆ ಹಾಕಿ. ಆಮೇಲೆ ಬಯಾಸಿನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ಸ್ಟಿಕ್ಕನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿ. ಕೆಲವು ಬೋರ್ಡಿನಲ್ಲಿ ಅದರ ಹೆಸರು ಡಿಒಸಿಪಿ. ಮಾಡದಿದ್ದರೆ ಬಹಳಷ್ಟು ರ್‍ಯಾಮ್ 2133 ಅಥವಾ 2400ರಲ್ಲೇ ಓಡುತ್ತೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಪುಟ ತೆರೆದರೆ ವೇಗ ಕಾಣುತ್ತೆ. ಬಯಾಸಿನಲ್ಲೇ, ಗ್ರಾಫಿಕ್ಸ್‌ಗೆ ಮೆಮೊರಿ ಮೀಸಲಿಡುವ ಯುಎಂಎ ಫ್ರೇಮ್ ಬಫರ್ ಅನ್ನುವ ಆಯ್ಕೆಯಲ್ಲಿ 2 ಜಿಬಿ ಕೊಡಿ. ಆಗ ವಿಂಡೋಸಿನಲ್ಲಿ ಮೆಮೊರಿ 16 ಜಿಬಿಯ ಬದಲು 14 ಜಿಬಿಯ ಹತ್ತಿರ ಕಾಣುತ್ತೆ, ಅದು ದೋಷವಲ್ಲ.

ಜೋಡಿಸುವಾಗ ಕೈ ತಡೆಯುವ ಜಾಗ ಕೂಲರ್. ಪ್ರೊಸೆಸರಿನ ಜತೆ ಬರುವ ಕೂಲರ್ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಿಂದ ಕೂರುತ್ತೆ. ಅದಕ್ಕೆ ಮುಂಚೆ ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಬಿಚ್ಚಿದ ಕ್ಷಣ ಹಿಂದಿನ ಲೋಹದ ಪ್ಲೇಟ್ ಕೆಳಗೆ ಬೀಳುತ್ತೆ, ಅಂಗೈಯಲ್ಲಿ ಹಿಡಿದಿರಿ. ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪೇಸ್ಟ್ ಕೂಲರಿನ ತಳದಲ್ಲೇ ಇರುತ್ತೆ, ಹೊಸದು ಬೇಡ. ಮುಂದೆ ಎಂದಾದರೂ ಕೂಲರ್ ತೆಗೆಯುವಾಗ ಪಿಸಿಯನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ತಿರುಚಿ ತೆಗೆಯಿರಿ. ನೇರ ಎಳೆದರೆ ಪ್ರೊಸೆಸರೂ ಅಂಟಿಕೊಂಡು ಎದ್ದು ಬರುತ್ತೆ, ಪಿನ್ ಬಾಗುತ್ತೆ. ಹಾಸನದ ಹವೆಗೆ ಬೇರೆ ಕೂಲರಿಗೆ ದುಡ್ಡು ಸುರಿಯೋದು ದಂಡ.

ಮೊದಲ ಸಲ ಆನ್ ಆಗದಿದ್ದರೆ ಬೋರ್ಡಿನ ಎಡ ಮೇಲ್ತುದಿಯ 8 ಪಿನ್ ಪ್ರೊಸೆಸರ್ ಕೇಬಲ್ ನೋಡಿ, ಮರೆಯೋದು ಅದನ್ನೇ.

ಎಸ್‌ಎಂಪಿಎಸ್ ಈಗಲೇ 550 ವ್ಯಾಟ್, ಬ್ರಾಂಜ್ ದರ್ಜೆಯದು ಹಾಕಿಬಿಡಿ. ಕಾರ್ಡಿಲ್ಲದ ಪಿಸಿಗೆ ಇದು ಜಾಸ್ತಿಯೇ, ಆದರೆ ಕಾರ್ಡ್ ಬಂದಾಗ ಮತ್ತೆ ಬಿಚ್ಚುವ ಕೆಲಸ ಇರಲ್ಲ. ಕ್ಯಾಬಿನೆಟ್ಟಿನ ಜತೆ ಪುಕ್ಕಟೆ ಬರುವ 450 ವ್ಯಾಟ್ ಅಂತ ಬರೆದ ಹಗುರ ಡಬ್ಬವನ್ನು ನಂಬಬೇಡಿ.

ಯುಪಿಎಸ್ ವಿಚಾರ ಎರಡಕ್ಕೂ ಒಂದೇ. 600 ವಿಎ ಅಂದರೆ ಸುಮಾರು 360 ವ್ಯಾಟ್. ಕಾರ್ಡಿಲ್ಲದ 5600ಜಿ ಪಿಸಿಯೂ ಮಾನಿಟರೂ ಅದರ ಅರ್ಧವನ್ನೂ ಮುಟ್ಟಲ್ಲ, ಆಟ ಮುಗಿಸಿ ಶಟ್‌ಡೌನ್ ಮಾಡುವಷ್ಟು ನಿಮಿಷ ಸಿಗುತ್ತೆ. ಮನೆ ಇನ್ವರ್ಟರ್ ಮೇಲೆ ಓಡಿಸೋದಾದರೆ ಸೈನ್ ವೇವ್ ಆಗಿರಲಿ, ಇನ್ವರ್ಟರಿನ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಪಿಸಿ ರೀಸ್ಟಾರ್ಟ್ ಆಗುತ್ತೆ. ಗುಡುಗು ಶುರುವಾದರೆ ಯುಪಿಎಸ್ಸನ್ನೂ ನಂಬದೆ ಪ್ಲಗ್ ಕಿತ್ತಿಡಿ, ನೆಟ್ ಕೇಬಲನ್ನೂ ಕೀಳಿ. ಎಷ್ಟೋ ಬೋರ್ಡುಗಳು ಸುಡೋದು ಲ್ಯಾನ್ ಪೋರ್ಟಿನ ಕಡೆಯಿಂದ.

ಟವರ್ ಯಾರಿಗೆ ಸರಿ? ಈ ತಿಂಗಳೇ ದೊಡ್ಡ ಆಟ ಆಡಬೇಕು, ಮುಂದೆ ಏನನ್ನೂ ಬದಲಿಸಲ್ಲ, ಬೆಂಗಳೂರಿಗೆ ಆಗಾಗ ಹೋಗಿಬರುವ ಮಂದಿ ಮನೆಯಲ್ಲಿದ್ದಾರೆ ಅನ್ನುವವರಿಗೆ. ವ್ಯಾಲರಂಟಿನಲ್ಲೇ ಸಂಜೆ ಕಳೆಯುವವರು, ಚಿಟ್ಟೀಲಿ ದುಡ್ಡು ಎತ್ತಿ ಕಂತು ಕಂತಾಗಿ ಬೆಳೆಸುವವರು ಅಸೆಂಬ್ಲಿಯನ್ನೇ ಮಾಡಿಸಲಿ.

ಕಾರ್ಡ್ ಕೊಳ್ಳುವ ದಿನಕ್ಕೆ ಒಂದು ಮಾತು. 5600ಜಿ ಕೊಡೋದು ಪಿಸಿಐಇ 3.0 ಮಾತ್ರ, ಬೋರ್ಡ್ ಪಿಸಿಐಇ 4.0 ಇರುವ ಬಿ550 ಆದರೂ ಅಷ್ಟೇ. ಹಾಗಾಗಿ 6500 ಎಕ್ಸ್‌ಟಿ ತರಹದ ನಾಲ್ಕು ಲೇನಿನ ಕಾರ್ಡ್ ಇಲ್ಲೂ ಬೇಡ. ಆರ್‌ಎಕ್ಸ್ 6600 ಸರಿಹೊಂದುತ್ತೆ: ಎಂಟು ಲೇನ್, 8 ಜಿಬಿ, 132 ವ್ಯಾಟ್, ಒಂದು 8 ಪಿನ್ ಕೇಬಲ್. ಹಾಕಿದ ಮೇಲೆ ಮಾನಿಟರ್ ಕೇಬಲ್ಲನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಚುಚ್ಚಿ, ಯುಪಿಎಸ್ಸನ್ನು 1000 ವಿಎ ದರ್ಜೆಗೆ ಏರಿಸಿ. ಹಳೇ 600 ವಿಎ ವೈಫೈ ರೂಟರಿಗೆ ಆಗುತ್ತೆ.