ಒಂದು ಪ್ಲಸ್ ಗುರುತು, ಎಂಟು ತಿಂಗಳ ಲಾಗ್: ಲೈಸೆನ್ಸ್ ಸರ್ವರ್ ಜೊತೆ ಎರಡು ವರ್ಷ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದು ಸಣ್ಣ ಡಿಸೈನ್ ಆಫೀಸು. ಒಂಬತ್ತು ಜನ, ಕ್ಯಾಡ್‌ಗೆ (ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುವ ಸಾಫ್ಟ್‌ವೇರು) ಐದು ಲೈಸೆನ್ಸ್, ಅಂದರೆ ಒಂದೇ ಹೊತ್ತಿಗೆ ಐದೇ ಜನ ಬಳಸಬಹುದು. ಹಂಚುವ ಕೆಲಸ ಮೂಲೆಯಲ್ಲಿರುವ ಹಳೇ ಲಿನಕ್ಸ್ ಪಿಸಿಯದು, ಅದರಲ್ಲಿ ಎಲ್‌ಎಮ್‌ಜಿಆರ್‌ಡಿ ಎಂಬ ಲೈಸೆನ್ಸ್ ಸರ್ವರ್ ಪ್ರೋಗ್ರಾಮ್ ಓಡುತ್ತದೆ. ಅದನ್ನು ಹಾಕುವುದು ಹೇಗೆ ಎಂಬುದೆಲ್ಲ ಇಲ್ಲಿ ಬೇಡ, ಬಿಡಿ. ನನ್ನ ತಕರಾರು ಲಾಗ್ ಫೈಲಿನದು, ಅಂದರೆ ಯಾರು ಯಾವಾಗ ಲೈಸೆನ್ಸ್ ತೆಗೆದುಕೊಂಡರು, ಬಿಟ್ಟರು ಎಂದು ಸರ್ವರ್ ಬರೆದಿಡುವ ಫೈಲಿನದು.

ಮಧ್ಯಾಹ್ನವಾದರೆ ಸಾಕು, 'ಲೈಸೆನ್ಸ್ ಸಿಗವಲ್ದು ನೋಡ್ರಿ' ಎಂಬ ಕೂಗು. ಆರನೆಯದು ಬೇಕು ಎಂದು ಮಾಲಕರ ಹತ್ತಿರ ಹೋದೆ. 'ಎಷ್ಟ ಸಲ ಸಿಕ್ಕಿಲ್ಲ, ಲೆಕ್ಕ ತೋರಸ್ರಿ' ಎಂದರು. ಖುಷಿಯಿಂದ ಲಾಗ್ ತೆರೆದೆ. ಮೊದಲ ಸಾಲಿನ ಹೊತ್ತು ಅವತ್ತು ಬೆಳಿಗ್ಗೆ 9:40!

ರಾತ್ರಿ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಬೆಳಿಗ್ಗೆ ಪಿಸಿ ಹೊಸದಾಗಿ ಶುರುವಾಗಿತ್ತು. ಎಂಟು ತಿಂಗಳ ಲಾಗ್ ಅಳಿಸಿಹೋಗಿತ್ತು. ಸರ್ವರ್ ಶುರು ಮಾಡುವ ಕಮಾಂಡ್ ಸಾಲಿನಲ್ಲಿ, ಲಾಗ್ ಯಾವ ಫೈಲಿಗೆ ಎಂದು ಹೇಳುವ -ಎಲ್ ಆದಮೇಲೆ, ಫೈಲಿನ ಹೆಸರಿನ ಮುಂದೆ + ಹಾಕಿದರೆ ಹಳೆಯದರ ಕೆಳಗೇ ಬರೆಯುತ್ತದೆ. ಹಾಕದಿದ್ದರೆ ಹಳೆಯದನ್ನು ಒರೆಸಿ ಬರೆಯುತ್ತದೆ. ಸರ್ವರ್ ಹಾಕಿಕೊಟ್ಟವರು ಆ ಪ್ಲಸ್ ಹಾಕಿರಲಿಲ್ಲ. ನಾನೂ ನೋಡಿರಲಿಲ್ಲ ಅನ್ನಿ. ಆ ವಾರವೆಲ್ಲ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಪ್ಲಸ್ ಹಾಕಿದ ಮೇಲೆ ಒಂದು ಚಟ ಹತ್ತಿತು. ಧಾರವಾಡದಿಂದ ಚಿಗರಿ ಬಸ್ಸಲ್ಲಿ ಬಂದು, ಹೊಸೂರಲ್ಲಿ ಇಳಿದು, ಆಫೀಸು ಸೇರಿದ ಕೂಡಲೇ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಹಿಂದಿನ ದಿನದ ಲಾಗ್. ತೆಗೆದುಕೊಂಡಿದ್ದಕ್ಕೆ ಔಟ್, ಬಿಟ್ಟಿದ್ದಕ್ಕೆ ಇನ್, ಸಿಗದಿದ್ದರೆ ಡಿನೈಡ್. ಯಾರು, ಯಾವ ಪಿಸಿ, ಎಷ್ಟು ಹೊತ್ತಿಗೆ, ಎಲ್ಲಾ ಇರುತ್ತದೆ. ಪೇಪರ್ ಓದುವುದಕ್ಕಿಂತ ಮಜಾ. ಒಂದು ಸಿಟ್ಟು ಮಾತ್ರ ಇನ್ನೂ ಇದೆ: ಸಾಲುಗಳಲ್ಲಿ ಗಂಟೆ-ನಿಮಿಷ ಉಂಟು, ತಾರೀಕಿಲ್ಲ. ತಾರೀಕು ಬೇಕೆಂದರೆ ನಡುನಡುವೆ ಬರುವ ಟೈಮ್‌ಸ್ಟ್ಯಾಂಪ್ ಸಾಲು ಹುಡುಕಿಕೊಂಡು ಮೇಲೆ ಹತ್ತಬೇಕು.

ಎರಡು ತಿಂಗಳಲ್ಲಿ ಗುಟ್ಟು ಬಯಲಾಯಿತು. ಇಬ್ಬರು ಬೆಳಿಗ್ಗೆ ತೆಗೆದುಕೊಂಡ ಲೈಸೆನ್ಸ್ ಸಂಜೆ ಆರಕ್ಕೇ ವಾಪಸ್ ಬರುತ್ತಿತ್ತು. ನಡುವೆ ಅರ್ಧ ದಿನ ಅವರು ಶೆಡ್‌ನಲ್ಲಿರುತ್ತಾರೆ. ಒಬ್ಬರನ್ನು ಕೇಳಿದೆ. 'ಮುಚ್ಚಿದ್ರ ಮತ್ತ ಸಿಗಂಗಿಲ್ಲಲ್ರಿ ಸರ್, ಅದಕ್ಕ ತಗದ ಇಟ್ಟಿರ್ತೀನಿ.' ಅವರು ಹೇಳಿದ್ದೂ ಸರಿ ಅಲ್ವಾ?

ಸರ್ವರ್‌ಗೆ ನಮ್ಮ ನಿಯಮ ಬರೆದಿಡುವ ಆಪ್ಷನ್ಸ್ ಫೈಲಿನಲ್ಲಿ ಟೈಮ್‌ಔಟ್ 3600 ಸೆಕೆಂಡು ಎಂದು ಬರೆದು, ಅದನ್ನು ಮತ್ತೆ ಓದಿಸುವ ಎಲ್‌ಎಮ್‌ರೀರೀಡ್ ಕಮಾಂಡ್ ಕೊಟ್ಟೆ. ಈಗ ಒಂದು ಗಂಟೆ ಸುಮ್ನೆ ಕೂತ ಲೈಸೆನ್ಸ್ ತಾನೇ ವಾಪಸ್ ಬರುತ್ತದೆ. ನಮ್ಮ ಕ್ಯಾಡ್ ಇದಕ್ಕೆ ಒಪ್ಪುತ್ತದೆ, ಎಲ್ಲಾ ಸಾಫ್ಟ್‌ವೇರೂ ಒಪ್ಪುವುದಿಲ್ಲ.

ಲಾಗ್ ಜಾಸ್ತಿ ಬೆಳೆಯಿತು ಎಂದು ಸೀದಾ ಡಿಲೀಟ್ ಮಾಡಬೇಡಿ. ಸರ್ವರ್ ಫೈಲನ್ನು ಹಿಡಿದೇ ಕೂತಿರುತ್ತದೆ, ಡಿಸ್ಕಿನಲ್ಲಿ ಜಾಗ ಖಾಲಿಯಾಗುವುದಿಲ್ಲ. ನಾನು ತಿಂಗಳ ಒಂದನೇ ತಾರೀಕು ಎಲ್‌ಎಮ್‌ಸ್ವಿಚ್ ಕಮಾಂಡ್ ಕೊಟ್ಟು ಲಾಗನ್ನು ಹೊಸ ಫೈಲಿಗೆ ಹಾಯಿಸುತ್ತೇನೆ, ಹಳೆಯದನ್ನು ಜಿಪ್ ಮಾಡಿ ಇಡುತ್ತೇನೆ. ಆಪ್ಷನ್ಸ್ ಫೈಲಿನಲ್ಲಿ ನೋಲಾಗ್ ಇನ್ (ಇನ್ ಸಾಲು ಬರೆಯಬೇಡ) ಎಂದು ಹಾಕಿದರೆ ಲಾಗ್ ಸಣ್ಣದಾಗುತ್ತದೆ ನಿಜ, ಆದರೆ ಯಾರು ಯಾವಾಗ ಬಿಟ್ಟರು ಎಂಬುದೇ ಸಿಗುವುದಿಲ್ಲ. ನಾನಂತೂ ಹಾಕಿಲ್ಲ.

ಆರನೇ ಲೈಸೆನ್ಸ್ ಕೊಳ್ಳಲಿಲ್ಲ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು.