ಇನ್‌ಟೇಕ್ ಮ್ಯಾನಿಫೋಲ್ಡ್ ವಿಮರ್ಶೆ: ಗಾಳಿಯ ಸಮ ಹಂಚಿಕೆಯಲ್ಲಿ ಗೆದ್ದಿದೆ, ಒಂದು ರಂಧ್ರದಲ್ಲಿ ಸೋತಿದೆ

ನಾಲ್ಕು ಸಿಲಿಂಡರ್‌ಗಳ, ಪೋರ್ಟ್ ಇಂಜೆಕ್ಷನ್ (ಪ್ರತಿ ಸಿಲಿಂಡರಿನ ಗಾಳಿದಾರಿಯಲ್ಲೂ ಪ್ರತ್ಯೇಕವಾಗಿ ಇಂಧನ ಸಿಂಪಡಿಸುವ ವ್ಯವಸ್ಥೆ) ಇರುವ ಪೆಟ್ರೋಲ್ ಎಂಜಿನ್‌ಗೆ ಮೂಲ ಪ್ಲಾಸ್ಟಿಕ್ ಭಾಗದ ಬದಲಿಗೆ ಎರಕದ ಅಲ್ಯೂಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡ್ ಜೋಡಿಸಿ ಬಳಸುತ್ತಿದ್ದೇನೆ. ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆಗಳ ಜೋಡಣೆ ಇದು. ಇಂಥ ಭಾಗಗಳನ್ನು ಗರಿಷ್ಠ ಅಶ್ವಶಕ್ತಿ ಎಷ್ಟು ಏರಿತು ಎಂದು ನೋಡಿ ಅಳೆಯುವುದೇ ರೂಢಿ. ಆದರೆ ದಿನವೂ ಓಡುವ ವಾಹನದ ಮಟ್ಟಿಗೆ ಕೇಳಬೇಕಾದ ಪ್ರಶ್ನೆ, ನಾಲ್ಕೂ ಸಿಲಿಂಡರ್‌ಗಳಿಗೆ ಗಾಳಿ ಸಮನಾಗಿ ಸಿಗುತ್ತದೆಯೇ ಎಂಬುದು.

ಕಾರಣ ಸರಳವಾಗಿದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಪ್ರಮಾಣವನ್ನು ಕಾಯುವ ಆಕ್ಸಿಜನ್ ಸೆನ್ಸರ್ ಸಾಮಾನ್ಯವಾಗಿ ಎಕ್ಸಾಸ್ಟ್ ಕೊಳವೆಗಳೆಲ್ಲ ಕೂಡುವಲ್ಲಿ ಇರುವುದರಿಂದ, ಅದು ಓದುವುದು ನಾಲ್ಕೂ ಸಿಲಿಂಡರ್‌ಗಳ ಸರಾಸರಿಯನ್ನು. ಒಂದಕ್ಕೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ (ಇಂಧನ ಜಾಸ್ತಿ) ಆಗಿದ್ದರೂ, ಇನ್ನೊಂದಕ್ಕೆ ಹೆಚ್ಚಾಗಿ ಲೀನ್ (ಇಂಧನ ಕಡಿಮೆ) ಆಗಿದ್ದರೂ ಸರಾಸರಿ ಸರಿಯಾಗಿಯೇ ಕಾಣುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ದೋಷ ತಿಳಿಯುವುದಿಲ್ಲ. ರಿಚ್ ಸಿಲಿಂಡರಿನಲ್ಲಿ ಇಂಧನ ಅರ್ಧಂಬರ್ಧ ಉರಿದು ಪೋಲಾಗುತ್ತದೆ, ಲೀನ್ ಸಿಲಿಂಡರಿನಲ್ಲಿ ಜ್ವಾಲೆ ನಿಧಾನವಾಗಿ ಹರಡಿ ಎಳೆತ ಕುಗ್ಗುತ್ತದೆ.

ಈ ಮ್ಯಾನಿಫೋಲ್ಡ್‌ನ ಥ್ರಾಟಲ್ (ಒಳಬರುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಒಂದು ತುದಿಯಲ್ಲಿದೆ. ಹಾಗಿರುವಾಗ ದೂರದ ರನ್ನರ್‌ಗಳಿಗೂ (ಒಂದೊಂದು ಸಿಲಿಂಡರಿಗೆ ಹೋಗುವ ಕೊಳವೆಗಳಿಗೂ) ಹತ್ತಿರದವಕ್ಕೂ ಗಾಳಿಯ ಪಾಲಿನಲ್ಲಿ ವ್ಯತ್ಯಾಸ ಬರುವುದು ಸಹಜ. ತಯಾರಕರು ರನ್ನರ್‌ಗಳಿಗೆ ಗಾಳಿ ಕೊಡುವ ಕೋಣೆಯಾದ ಪ್ಲೀನಮ್ಮನ್ನು ದೂರದ ತುದಿಯ ಕಡೆಗೆ ಕ್ರಮೇಣ ಕಿರಿದಾಗಿಸಿದ್ದಾರೆ, ಪ್ರತಿ ರನ್ನರ್‌ನ ಬಾಯಿಯನ್ನು ಅಗಲವಾಗಿ ದುಂಡಗೆ ತಿರುಗಿಸಿದ್ದಾರೆ. 1-3-4-2 ಕ್ರಮದಲ್ಲಿ ಉರಿಯುವ ಎಂಜಿನಿನಲ್ಲಿ ಅಕ್ಕಪಕ್ಕದ 3 ಮತ್ತು 4 ಒಂದರ ಹಿಂದೊಂದು ಉಸಿರೆಳೆಯುತ್ತವೆ, 2 ಮತ್ತು 1 ಕೂಡ ಹಾಗೆಯೇ. ಮೂರನೆಯದರ ವಾಲ್ವ್ ಮುಚ್ಚುವ ಮೊದಲೇ ನಾಲ್ಕನೆಯದು ಎಳೆಯಲು ತೊಡಗುವಾಗ ಒಂದರ ಪಾಲನ್ನು ಇನ್ನೊಂದು ಕಸಿಯದಂತೆ ಈ ಬಾಯಿಗಳ ನಡುವೆ ಸಾಕಷ್ಟು ಅಂತರ ಬಿಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಹಳೆಯ ಮ್ಯಾನಿಫೋಲ್ಡ್ ಇದ್ದಾಗ ಮೊದಲನೆಯ ಸ್ಪಾರ್ಕ್ ಪ್ಲಗ್ ಮಸಿ ಹಿಡಿದು, ನಾಲ್ಕನೆಯದರ ಪಿಂಗಾಣಿ ಬಿಳಿಚಿಕೊಂಡಿರುತ್ತಿತ್ತು. ಈಗ ನಾಲ್ಕೂ ಹೆಚ್ಚುಕಡಿಮೆ ಒಂದೇ ತಿಳಿಗಂದು ಬಣ್ಣದಲ್ಲಿವೆ.

ರನ್ನರ್‌ಗಳು ಉದ್ದವಾಗಿವೆ, ಸಪೂರವಾಗಿವೆ. ಪಿಸ್ಟನ್ ಎಳೆದಾಗ ಹುಟ್ಟುವ ಒತ್ತಡದ ಅಲೆ ಪ್ಲೀನಮ್‌ವರೆಗೆ ಹೋಗಿ ಮರಳಿ ಬರುತ್ತದೆ. ವಾಲ್ವ್ ಮುಚ್ಚುವ ಮುನ್ನ ಅದು ತಲುಪಿದರೆ ಹೆಚ್ಚುವರಿ ಗಾಳಿಯನ್ನು ಒಳಗೆ ತಳ್ಳುತ್ತದೆ. ಉದ್ದ ಹೆಚ್ಚಿದಷ್ಟೂ ಈ ಲಾಭ ಕಡಿಮೆ ಆರ್‌ಪಿಎಂನಲ್ಲಿ ಸಿಗುತ್ತದೆ. 1960ರಲ್ಲಿ ಕ್ರೈಸ್ಲರ್ ತನ್ನ ಕೆಲವು ವಿ8 ಎಂಜಿನ್‌ಗಳಿಗೆ 30 ಇಂಚು ಉದ್ದದ ರನ್ನರ್‌ಗಳನ್ನು ಕೊಟ್ಟದ್ದು ಇದೇ ತತ್ತ್ವದ ಮೇಲೆ. ನನ್ನ ಎಂಜಿನಿನಲ್ಲಿ ಮೇಲಿನ ಗೇರಿನಲ್ಲಿಯೇ ಏರು ಹತ್ತುವಷ್ಟು ಟಾರ್ಕ್ ಬಂದಿದೆ. ಮೈಲೇಜ್ ಸುಧಾರಿಸಿರುವುದಕ್ಕೆ ಸಮ ಹಂಚಿಕೆಯ ಜೊತೆಗೆ ಇದೂ ಕಾರಣ: ಕಡಿಮೆ ಆರ್‌ಪಿಎಂ, ಹೆಚ್ಚು ತೆರೆದ ಥ್ರಾಟಲ್, ಹಾಗಾಗಿ ಗಾಳಿ ಎಳೆಯಲು ವ್ಯರ್ಥವಾಗುವ ಶಕ್ತಿ ಕಡಿಮೆ. ಪೊಟ್ಟಣದ ಮೇಲೆ ಬರೆದಿರುವ ‘ಅಡೆತಡೆಯಿಲ್ಲದ ಹರಿವು’ ಇದರಲ್ಲಿ ಹೆಚ್ಚಿನ ಪಾತ್ರ ವಹಿಸಿಲ್ಲ, ಏಕೆಂದರೆ ಸಾಮಾನ್ಯ ಓಡಾಟದಲ್ಲಿ ಗಾಳಿಯನ್ನು ತಡೆದು ನಿಲ್ಲಿಸುವುದು ಥ್ರಾಟಲ್ಲೇ. ಎಂಜಿನ್ ವೇಗ ತೀರಾ ಹೆಚ್ಚಿದಾಗ ಎಳೆತ ಸೊರಗುತ್ತದೆ. ವೇಗಪ್ರಿಯರಿಗೆ ಇದು ತಕ್ಕುದಲ್ಲ.

ಇಷ್ಟು ಯೋಚಿಸಿ ಮಾಡಿದವರು ಎಂಜಿನಿನ ತಳದ ಕ್ರ್ಯಾಂಕ್‌ಕೇಸಿನಿಂದ ಆವಿಯನ್ನು ತರುವ ಪಿಸಿವಿ ಕೊಳವೆಯ ರಂಧ್ರವನ್ನು ಮೊದಲನೆಯ ರನ್ನರ್ ಪಕ್ಕದಲ್ಲೇ ಕೊರೆದಿರುವುದು ಬೇಸರದ ಸಂಗತಿ. ಕ್ರ್ಯಾಂಕ್‌ಕೇಸಿನ ಆವಿಯೆಲ್ಲ ಆ ಒಂದೇ ಸಿಲಿಂಡರಿಗೆ ನುಗ್ಗುತ್ತದೆ. ಬಿಚ್ಚಿ ನೋಡಿದಾಗ ಆ ರನ್ನರ್‌ನ ಒಳಗೋಡೆಗೆ ಮಾತ್ರ ಎಣ್ಣೆಯ ಪದರ ಅಂಟಿತ್ತು, ಐಡಲ್‌ನಲ್ಲಿ (ವಾಹನ ನಿಂತು ಎಂಜಿನ್ ಮಾತ್ರ ಓಡುವಾಗ) ಸಣ್ಣ ನಡುಕವೂ ಇದೆ. ಆ ರಂಧ್ರ ಥ್ರಾಟಲ್‌ನ ಬೆನ್ನಿಗೇ ಇದ್ದಿದ್ದರೆ ಆವಿ ಎಲ್ಲ ಸಿಲಿಂಡರ್‌ಗಳಿಗೂ ಹಂಚಿಹೋಗುತ್ತಿತ್ತು. ಅಲ್ಯೂಮಿನಿಯಂ ಪ್ಲಾಸ್ಟಿಕ್ಕಿಗಿಂತ ಬೇಗ ಕಾಯುತ್ತದೆ ಎಂಬ ಕೊರತೆಯೂ ಇದೆ.

ಕೊಳ್ಳುವವರು ಜೋಡಿಸುವ ಮುನ್ನ ಗ್ಯಾಸ್ಕೆಟ್ಟಿನ ಅಂಚು ಪೋರ್ಟಿನೊಳಗೆ ಚಾಚಿದೆಯೇ ನೋಡಬೇಕು, ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಬಿಗಿಯಬೇಕು. ಆಮೇಲೆ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಇಂಧನದಲ್ಲಿ ಮಾಡಿಕೊಳ್ಳುವ ಹೆಚ್ಚುಕಡಿಮೆ) ಐಡಲ್‌ನಲ್ಲಿ ಮಾತ್ರ ಏರಿದ್ದು, ಆರ್‌ಪಿಎಂ ಏರಿಸಿದಾಗ ಇಳಿದರೆ, ಎಲ್ಲೋ ಗಾಳಿ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಮೊದಲು ಗ್ಯಾಸ್ಕೆಟ್ಟನ್ನು ಪರೀಕ್ಷಿಸುವುದು ಒಳ್ಳೆಯದು.